ಕೆಂಪು ನಿಂತ ಮೂಲಿ

ಕುರಿ ಕಾಯಾಂವಗ ಟಾಕಿ ಕಾಯಾಕ ಹಚ್ಚಿದ್ರ ಇದ ಆಗೋದು, ಅಂದ ಚೀಫ್ ಕೆಮಿಸ್ಟ್ ಸಾಹೇಬ, ಎಲ್ಲಾರ ಮುಂದ, ನನ್ನ ಜಾತಿ ಹಿಡದ, ಫಿಟ್ಟರ್ ಭೀಮಸಿ ಹಲ್ಲು ಕಿಸಿದ, ವಾಚ್‌ಮನ್ ಸೈತ ನಕ್ಕ, ನಗಲಾರದಾಂವ ಲಗಮಣ್ಣ ಮಾಮಾ ಒಬ್ಬನ, ತಲೀ ತಗ್ಗಿಸಿ ತನ್ನ ಚಪ್ಪಲಿ ನೋಡಾಕತ್ತಾನ, ಈ ಸಕ್ಕರಿ ಫ್ಯಾಕ್ಟರಿಗೆ ನನ್ನ ತಂದು ಹಚ್ಚಿದಾಂವ ಅವನ — ನನ್ನ ಕೈಯಾಗ ಇನ್ನೂ ಬಿದಿರಗಣೆ ಐತಿ, ತುದಿಯಿಂದ ಕೆಂಪು ನೀರು ತೊಟಕ್ ತೊಟಕ್, ಎಲ್ಲಿ ಇಡಲಿ ಇದನ್ನ, ಕೆಳಗ ಇಟ್ರ ಸದ್ದಾಗ್ತೈತಿ, ಹಿಡಕೊಂಡ್ರ ಕಳ್ಳನಂಗ ಕಾಣ್ತೀನಿ. ಟಾಕಿ ತುಂಬ ನೀರು ಗುಲಾಬಿ ಆಗೇತಿ, ಶರಬತ್ತಿನಂಗ ಒಂದ ಸಮ, ಒಂದ ಸಮ ಆಗಿದ್ದ ತಪ್ಪು. ಕಾಗವಾಡದ ಭೂಪಾಲ ಸರ್ ಮುಂಜಾನೆನ ಹೇಳಿದ್ರಲ್ಲ, ಕಬ್ಬಿನ ರಸಕ್ಕ ಬಿಡೋ ಸುಣ್ಣದ ಹಾಲು ಟಾಕ್ಯಾಗ ಎಲ್ಲಿ ಬೆರೀತೈತಿ, ಎಲ್ಲಿ ಬೆರೆಯಂಗಿಲ್ಲ, ಅದ ನನ್ನ ಸಂಶೋಧನೆ, ಕಾಡಸಿದ್ದ, ರಸದಾಗ ಕಾಣಂಗಿಲ್ಲ, ಅದಕ್ಕ ಬರೇ ನೀರು ಹರಿಸಿ ಬಣ್ಣ ಬಿಡ್ತೀನಿ, ನಾ ಕೆಳಗ ಹೊರಬೀಳೋ ನೀರು ಬಾಟ್ಲಿಗೆ ಹಿಡೀತೀನಿ, ನೀ ಮ್ಯಾಲ ನಿಂತು ನೋಡು, ಬರೇ ನೋಡು. ನೋಡಿದೆ. ಬಣ್ಣ ಎಳಿ ಎಳಿಯಾಗಿ ಬಿಚ್ಚಿಕೋಂತ ಹೋತು, ಸುತ್ತಿತು, ಆಮ್ಯಾಲ ಒಂದು ಮೂಲ್ಯಾಗ ಕೆಂಪು ಗಂಟಾಗಿ ನಿಂತ ಬಿಟ್ಟಿತು, ಅಲುಗವಲ್ದು — ಕಿವ್ಯಾಗ ಅಪ್ಪ ಅಂಕಲಿಯ ಗಾಣದಾಗ ಬೆಲ್ಲದ ಕೊಪ್ಪರಿಗಿ ಮುಂದ ಒದರತಾನ, ಸುಣ್ಣದ ನೀರು ಬಿತ್ತಂದ್ರ ಕೈ ನಿಲ್ಲಬಾರದಲೇ, ನಿಂತಲ್ಲಿ ಬೆಲ್ಲ ಕರ್ರಗಾಗ್ತೈತಿ, ತಿರುವು, ತಿರುವಲೇ, ಏಳನೇ ಇಯತ್ತೆಗೆ ಸಾಲಿ ಬಿಡಿಸಿ ಎಳಕೊಂಡು ಬಂದು ಕಲಿಸಿದ್ದು ಅದೊಂದ, ಕೈ ನನ್ನ ಕೇಳಲೇ ಇಲ್ಲ, ಗಣೆ ತಗೊಂಡಿತು, ತಿರುವಿತು. ಸರ್ ಹತ್ರ ಉಳಿದಿದ್ದ ಕಡೀ ಬಣ್ಣ ಅದ ಅಂತ. ನಾಳೆ ಬಾಯ್ಲರ್ ಪೂಜಿ, ಟಾಕಿಗೆ ರಸ ಬರ್ತೈತಿ, ಹಂಗಾಮು ಮುಗಿಯೋತನ ಮತ್ತ ಖಾಲಿ ಸಿಗಂಗಿಲ್ಲ, ನಾಳೆನ ನನ್ನ ಹೆಸರೂ ಹಾಜರಿಗೆ ಹತ್ತೋದಿತ್ತು, ದಿಗ್ಗೇವಾಡ್ಯಾಗ ಅವ್ವ ಓಣಿ ತುಂಬ ಸಾರಿ ಬಂದಾಳ, ನಮ್ಮ ಸಿದ್ದ ಫ್ಯಾಕ್ಟರಿ ಮನಷ್ಯಾ ಆದ ಬೇ. ಬಾಯಾಗ ಏನ್ ಇಟಗೊಂಡಿಯಲೇ, ಅಂತಾನ ಸಾಹೇಬ, ಗಣೆ ಹಿಡಿದ ಬೆರಳು ಬಿಗೀತಾವ, ಒಂದ ಏಟು, ಬರೇ ಒಂದ — ತಪ್ಪಾತ್ರಿ ಅನ್ನೋ ಸಿದ್ದ, ಮಾಮಾ ಪಿಸುಗುಡತಾನ. ಭೂಪಾಲ ಸರ್ ಬಾಟ್ಲಿ ಹಿಡಕೊಂಡ ಮ್ಯಾಲ ಬಂದ್ರು, ಬೈಯಲಿಲ್ಲ, ಬೈದಿದ್ರ ಚಲೋ ಇತ್ತು. ನೀ ತಿರುವೋಕಿಂತ ಮದಲ ಬಣ್ಣ ಎಲ್ಲೋ ನಿಂತಿತ್ತಲ್ಲ, ಯಾವ ಮೂಲಿ, ಅದೊಂದ ಹೇಳಪಾ, ನನ್ನ ಕೆಲಸಾನೂ ಉಳೀತೈತಿ, ನಿಂದೂ ಉಳೀತೈತಿ. ನನಗ ಗೊತ್ತೈತಿ, ಬಟ್ಟು ಮಾಡಿ ತೋರಿಸಿದ್ರ ಮುಗೀತು — ತೋರಿಸಿದ್ರ ಸಾಹೇಬ ಅಂತಾನ, ನೋಡ್ರಿ, ಕುರಿ ಎಣಿಸಿದ ಕಣ್ಣು ಭಾಳ ಚುರುಕ, ಭೀಮಸಿ ಮತ್ತ ಹಲ್ಲು ಕಿಸೀತಾನ, ನಾನೂ ಹಲ್ಲು ಕಿಸೀಬೇಕು, ನಾಳೆ, ನಾಡದು, ಹಂಗಾಮು ತುಂಬ. ಗಣೆ ಗ್ವಾಡಿಗೆ ಆನಿಸಿದೆ. ಕಬ್ಬಿಣದ ಪಾವಟಿಗಿ ಇಳದೆ, ಮಾಮಾ ಕರಿಯಾಕತ್ತಾನ, ಯಾವ ಮೂಲಿ ಕಾಡಸಿದ್ದ, ಸರ್ ಮತ್ತ ಕೇಳತಾರ, ದನಿ ಒಡದೈತಿ, ಗೇಟು ದಾಟಿದೆ, ಕಬ್ಬಿನ ಗಾಡಿ ಸಾಲು, ಎತ್ತು, ಧೂಳು, ಯಾವ ಮೂಲಿ, ಪೈಪಿನ ಕೆಳಗಿನ ಮೂಲ್ಯಾಗ ಕೆಂಪು ಗಂಟು, ನಿಂತೈತಿ, ಸುತ್ತ ನೀರು ಹರಿಯಾಕತ್ತೈತಿ, ಗಂಟು ನಿಂತ ಐತಿ