ಬಿರಿಯಾನಿಗೆ ಫಿನಾಯಿಲ್

"ಸುರಿಯಬೇ. ಏನ್ ಕಣ್ ಬಿಟ್ಕೊಂಡು ನಿಂತಿ? ನಿಮ್ಮಪ್ಪ ತಂದು ಇಳಿಸ್ಯಾನೇನು ಇದನ್ನ?"

ಸೂಪರ್‌ವೈಸರ್ ಪ್ರಭಾಕರ ಬೂಟುಗಾಲಿನಿಂದ ಬಿರಿಯಾನಿ ಹಂಡೆಯನ್ನು ತಟ್ಟಿ ತೋರಿಸಿದ. ಆಶಮ್ಮನ ಕೈಯಲ್ಲಿ ಫಿನಾಯಿಲ್ ಕ್ಯಾನ್ ಇತ್ತು. ಹಂಡೆಯ ಮುಚ್ಚಳದ ಸುತ್ತ ಮೆತ್ತಿದ್ದ ಹಿಟ್ಟು ಬಿರುಕು ಕೂಡ ಬಿಟ್ಟಿರಲಿಲ್ಲ. ಅಡುಗೆಯ ಖಾದರ್ ಭಾಯ್ ದಮ್ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಮದುವೆಯವರು ಊರಿಗೆಲ್ಲ ಹೇಳಿ, ಅರ್ಧಕ್ಕರ್ಧ ಜನ ಬಾರದೆ ಮೂರು ಹಂಡೆ ಹೀಗೆ ಬಾಯಿ ತೆರೆಯದೆ ಉಳಿದಿದ್ದವು.

"ಇದಕ್ಕ ಯಾರ ಕೈನೂ ತಾಗಿಲ್ಲಲ್ರಿ ಸಾರ್," ಎಂದಳು ಆಶಮ್ಮ.

"ನಿಮ್ ಕೈ ತಾಗಬಾರ್ದು ಅಂತಾನೇ ಸುರಿಯೋದು. ಎಂಜಲಕ್ಕ ಹುಟ್ಟಿದ್ ಜಾತಿ. ಮೂಗಿಗೆ ವಾಸ್ನಿ ಬಡಿದ್ರ ಸಾಕು, ಸೆರಗು ಒಡ್ತೀರಿ."

ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಪ್ಪಲೆ ತಿಕ್ಕುತ್ತಿದ್ದೆ. ತಲೆ ಎತ್ತಲಿಲ್ಲ. ಹೈದರಾಬಾದಿನ ಈ ಫಂಕ್ಷನ್ ಹಾಲಿನ ಹಿತ್ತಿಲಲ್ಲಿ ತಲೆ ಎತ್ತದಿರುವುದಕ್ಕೇ ನಮಗೆ ಸಂಬಳ. ಪ್ರಭಾಕರನ ಸ್ಕೂಟರಿನ ಡಿಕ್ಕಿಯಲ್ಲಿ ಅದೇ ಬಿರಿಯಾನಿಯ ಪಾರ್ಸೆಲ್‌ಗಳು ಆಗಲೇ ಬೆಚ್ಚಗೆ ಕೂತಿದ್ದವು. ಅವಕ್ಕೆ ಫಿನಾಯಿಲ್ ತಾಗಿರಲಿಲ್ಲ.

ಆಶಮ್ಮ ಹಿಟ್ಟು ಕಿತ್ತು, ಮುಚ್ಚಳ ತೆಗೆದು, ಎರಡು ಹಂಡೆಗೆ ಸುರಿದಳು. ಕೇಸರಿಯ ಅನ್ನದ ಮೇಲೆ ಬೆಳ್ಳಗೆ ಹರಿಯಿತು. ಏಲಕ್ಕಿ, ಪುದೀನ, ಕಕ್ಕಸು ಮೂರೂ ಒಟ್ಟಿಗೆ ನಾರಿದವು. ಮೂರನೆಯದಕ್ಕೆ ಬರುವಷ್ಟರಲ್ಲಿ ಪ್ರಭಾಕರನಿಗೆ ಫೋನ್ ಬಂತು, ಮಾತಾಡುತ್ತ ಒಳಗೆ ಹೋದ. ಗೋಡೆಯಾಚೆ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಬಿಲಾಸಪುರದ ಕಡೆಯ ಕೂಲಿಯವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಆಶಮ್ಮ ಗೋಡೆಯ ಹತ್ತಿರ ಹೋಗಿ ಒಂದು ಕೂಗು ಹಾಕಿದಳು. ಆ ಕಡೆಯಿಂದ ಸಿಮೆಂಟಿನ ಬುಟ್ಟಿಗಳು ತೊಳೆದುಕೊಂಡು ಮೇಲೆ ಬಂದವು. ಪ್ರಭಾಕರ ತಿರುಗಿ ಬರುವಾಗ ಹಂಡೆ ಖಾಲಿ.

ಅವನ ಕಣ್ಣಿಗೆ ಕಾಣದಿದ್ದದ್ದು ಗೋಡೆಯ ಮೇಲಿನ ಕ್ಯಾಮೆರಾಕ್ಕೆ ಕಂಡಿತ್ತು.

ಈ ಫಂಕ್ಷನ್ ಹಾಲಿನ ಮಾಲೀಕ ರಘುಪತಿ ರಾವ್. ಅವನಪ್ಪ ಪಾಲಮೂರು ಕಡೆಯ ನಮ್ಮೂರಿನ ದೊರೆ, ಎಂದರೆ ಜಮೀನ್ದಾರ. ನಾವು ಇಲ್ಲಿ ದುಡಿಯಲು ಬಂದದ್ದೂ ಆ ಋಣದ ಮೇಲೇ ಅಂತೆ. ಯಾರ ಋಣ ಯಾರ ಮೇಲೆ ಎಂದು ಮಾತ್ರ ಕೇಳಬಾರದು. ದೊರೆಯ ವಾಡೆಯಲ್ಲಿ ಮದುವೆಯಾದರೆ ಆಶಮ್ಮನ ಅವ್ವ, ನನ್ನವ್ವ, ಕೇರಿಯ ಹೆಂಗಸರೆಲ್ಲ ಹಿಂಬಾಗಿಲಲ್ಲಿ ಬುಟ್ಟಿ ಹಿಡಿದು ಕೂರಬೇಕಿತ್ತು. ಎಲೆಯ ಮೇಲಿನ ಎಂಜಲು ಬಳಿದು ಹಾಕುವುದಕ್ಕೆ ಆ ದೊರೆ ಧರ್ಮ ಎನ್ನುತ್ತಿದ್ದ. ಬುಟ್ಟಿ ಹಿಡಿಯಲು ಬಾರದವರ ಬೆನ್ನಿಗೆ ಹುಣಸೆ ಬರಲು ಬೀಳುತ್ತಿತ್ತು. ಅದಕ್ಕೆ ನ್ಯಾಯ ಎನ್ನುತ್ತಿದ್ದ. ಮಗ ಓದಿದವನು. ಆ ಹಳೆಯ ಮಾತೆಲ್ಲ ಬಿಟ್ಟಿದ್ದಾನೆ. ಅವನು ಪಾಲಿಸಿ ಎನ್ನುತ್ತಾನೆ.

ಮರುದಿನ ನಮ್ಮನ್ನೆಲ್ಲ ಎಸಿ ಹಾಲಿನಲ್ಲಿ ಕೂರಿಸಿದರು. ನಾವು ಕೂರುವುದಕ್ಕೆ ಮೊದಲು ಕುರ್ಚಿಗಳ ರೇಷ್ಮೆ ಗವಸು ತೆಗೆಸಿದ್ದರು. ಎಚ್ಆರ್‌ನ ಶ್ರೀನಿಧಿ ಮೇಡಂ ಪರದೆಯ ಮೇಲೆ ನಾಲ್ಕು ವೃತ್ತ ಮೂಡಿಸಿದರು. ಒಂದು ಕಾನೂನು, ಅದು ಸರ್ಕಾರದ್ದು. ಒಂದು ನೀತಿ, ಅದು ಅಪ್ಪ ಅಮ್ಮ ಕಲಿಸಿದ್ದು. ಒಂದು ವೃತ್ತಿಧರ್ಮ, ಅದು ಮಾಡುವ ಕಸುಬಿನದು. ಇನ್ನೊಂದು ಪಾಲಿಸಿ, ಅದು ಕಂಪನಿಯದು. ನಾಲ್ಕೂ ಒಂದರೊಳಗೊಂದು ಹಾಯ್ದು ನಡುವೆ ಚೂರು ಜಾಗ ಉಳಿದಿತ್ತು. ಆ ಚೂರಿನಲ್ಲಿ ಒಂದು ಹಳದಿ ಮುಖ ಹಲ್ಲು ಕಿರಿಯುತ್ತಿತ್ತು. ನಾವೆಲ್ಲ ಸದಾ ಆ ಜಾಗದಲ್ಲಿ ಇರಬೇಕಂತೆ. ಅಷ್ಟು ಜನ ಅಲ್ಲಿ ಹಿಡಿಸುವುದಿಲ್ಲ ಎಂಬುದು ನನಗೇ ಕಾಣುತ್ತಿತ್ತು.

ಕಾನೂನಿನ ವೃತ್ತದಲ್ಲಿ ನಮ್ಮ ಪಿಎಫ್ ಎಲ್ಲಿದೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಅದು ಬೇರೆ ಕ್ಲಾಸಿನ ವಿಷಯ ಎಂದರು ಮೇಡಂ.

ಆಮೇಲೆ ಎದ್ದವರು ಅಡುಗೆಯ ಖಾದರ್ ಭಾಯ್. ಒಲೆಯ ಮುಂದೆ ಗಡ್ಡ ಬೆಳ್ಳಗಾದ ಮನುಷ್ಯ. ಅನ್ನಕ್ಕೆ ವಿಷ ಸುರಿಯಬೇಕೆಂದು ಯಾವ ಕಾನೂನಿನಲ್ಲಿ ಬರೆದಿದೆ ಎಂದು ಕೇಳಿದರು. ಯಾವುದರಲ್ಲೂ ಬರೆದಿಲ್ಲ, ಸುರಿಯಬಾರದು ಎಂದೂ ಬರೆದಿಲ್ಲ, ಕಾನೂನು ಎಲ್ಲಿ ಸುಮ್ಮನಿರುತ್ತದೋ ಅಲ್ಲಿ ಪಾಲಿಸಿ ಮಾತಾಡುತ್ತದೆ ಎಂದು ಮೇಡಂ ಮುಗುಳ್ನಕ್ಕರು.

"ದಮ್ ಒಡೆಯದ ಅನ್ನಕ್ಕ ವಿಷ ಹಾಕೋದು ನಮ್ ಕಸಬಿನಾಗ ಹರಾಮ್ ಅದರೀ," ಎಂದರು ಖಾದರ್ ಭಾಯ್. "ನಿಮ್ ಮೂರನೇ ಗೋಲದಾಗ ಅದನ್ನೂ ಬರೀರಿ."

"ಭಾಯ್, ಸ್ವಲ್ಪ ಅರ್ಥ ಮಾಡಿಕೊಳ್ಳಿ," ಎಂದರು ಮೇಡಂ. "ಒಲೆಯಿಂದ ಇಳಿಸಿ ನಾಲ್ಕು ತಾಸು ಕಳೆದರೆ ಅದು ಅಡುಗೆಯಲ್ಲ, ಕಸ. ಕಸವನ್ನ ನಮ್ಮ ಜನಕ್ಕೆ ಕೊಟ್ಟರೆ ಅವರ ಘನತೆಗೆ ಕುಂದು. ಕಂಪನಿ ನಿಮ್ಮ ಘನತೆಯನ್ನ ಗೌರವಿಸುತ್ತೆ. ಅದಕ್ಕೇ ಫಿನಾಯಿಲ್."

ನಮ್ಮ ಘನತೆ ಕ್ಯಾನಿನಲ್ಲಿ ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ಕ್ಯಾಮೆರಾದ ಚಿತ್ರ ಹಾಕಿದರು. ಗೋಡೆಯ ಮೇಲೆ ಆಶಮ್ಮನ ಕೈ, ಬುಟ್ಟಿ, ಆಚೆಯಿಂದ ಚಾಚಿದ ಇನ್ನಷ್ಟು ಕೈ. ಪ್ರಭಾಕರನ ಸ್ಕೂಟರು ಅದೇ ಚಿತ್ರದ ಮೂಲೆಯಲ್ಲಿ ಡಿಕ್ಕಿ ಉಬ್ಬಿಸಿಕೊಂಡು ನಿಂತಿತ್ತು. ಅದನ್ನು ನಾವೆಲ್ಲ ನೋಡಿದೆವು, ಮೇಡಂ ನೋಡಲಿಲ್ಲ. ಇದು ಕಳ್ಳತನ, ಪೊಲೀಸಿಗೆ ಕೊಡಬಹುದಿತ್ತು, ಆದರೆ ಎಂಡಿ ರಾವ್ ಸಾಹೇಬರದು ದೊಡ್ಡ ಮನಸ್ಸು, ಎಲ್ಲರೆದುರು ತಪ್ಪಾಯಿತು ಎಂದರೆ ಸಾಕು ಎಂದರು. ಕಸವನ್ನು ಕದ್ದರೆ ಕಳ್ಳತನ ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಆಶಮ್ಮ ತಪ್ಪಾಯಿತು ಎನ್ನುವ ಹೆಂಗಸಲ್ಲ. ಆದರೆ ಅವಳ ಮಗಳು ಮೌನಿಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತವರು ಎಂದರೆ ಹಾಲಿನ ಹಿಂದೆ, ಜನರೇಟರ್ ಪಕ್ಕದ ಒಂದು ತಗಡಿನ ಕೋಣೆ. ಕೆಲಸ ಹೋದರೆ ಅಂದೇ ಕೋಣೆ ಖಾಲಿ ಮಾಡಬೇಕು. ಹೊಟ್ಟೆ ಹೊತ್ತ ಮಗಳನ್ನು ಎಲ್ಲಿ ಮಲಗಿಸುತ್ತಿ ಎಂದು ಪ್ರಭಾಕರ ಬೆಳಿಗ್ಗೆಯೇ ಬಂದು ಕೇಳಿ ಹೋಗಿದ್ದ. ಬೋಳಿಮಗ, ಅಷ್ಟು ಕಾಳಜಿ ಅವನಿಗೆ.

ಆಶಮ್ಮ ಎದ್ದು ನಿಂತಳು. "ತಪ್ಪಾತ್ರಿ," ಎಂದಳು.

ಹಿಂದಿನವರಿಗೆ ಕೇಳಿಸಲಿಲ್ಲ ಎಂದರು ಮೇಡಂ. ಆಶಮ್ಮ ಇನ್ನೊಮ್ಮೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿರಿ, ತಪ್ಪು ಒಪ್ಪುವುದು ದೊಡ್ಡ ಗುಣ ಎಂದರು ಮೇಡಂ. ತಟ್ಟಿದೆವು. ಇನ್ನು ಮುಂದೆ ಫಿನಾಯಿಲ್ ಕೆಲಸ ಪೂರ್ತಿ ಆಶಮ್ಮನದೇ ಎಂದೂ ಹೇಳಿದರು; ಕಳ್ಳನ ಕೈಗೇ ಬೀಗದ ಕೈ ಕೊಟ್ಟರೆ ಜವಾಬ್ದಾರಿ ಬರುತ್ತದೆ ಎಂಬ ಲೆಕ್ಕ.

ಆಶಮ್ಮ ಕೂರಲಿಲ್ಲ. "ಮೇಡಂ, ನಾಲ್ಕು ತಾಸು ಕಳದದ್ದು ಯಾರದಿದ್ರೂ ಸುರೀಬೇಕ್ರೇನು?"

"ಯಾರದಿದ್ದರೂ," ಎಂದರು ಮೇಡಂ. ಪಾಠ ಒಬ್ಬಳ ತಲೆಗಾದರೂ ಹೋಯಿತಲ್ಲ ಎಂದು ಅವರಿಗೆ ಖುಷಿ. "ಪಾಲಿಸಿ ಮುಂದೆ ಎಂಡಿ ಸಾರೂ ಒಂದೇ, ನೀನೂ ಒಂದೇ. ಯಾರ ಅಪ್ಪಣೆಗೂ ಕಾಯಬೇಡ."

ಅಂದಿನಿಂದ ಆಶಮ್ಮ ಚಾಚೂ ತಪ್ಪದೆ ಸುರಿದಳು. ಪ್ರಭಾಕರ ಪಾರ್ಸೆಲ್ ಕಟ್ಟುವ ಮೊದಲೇ ಸುರಿದಳು. ಅವನು ಹಲ್ಲು ಕಡಿದ, ಹಲ್ಕಟ್ ರಂಡೆ ಎಂದ. ಅವಳು ಗೋಡೆಗೆ ಹಚ್ಚಿದ್ದ ನಾಲ್ಕು ವೃತ್ತದ ಚಿತ್ರದ ಕಡೆ ಕೈ ತೋರಿಸುತ್ತಿದ್ದಳು. ಆಚೆಯ ಶೆಡ್ಡಿನವರು ಒಮ್ಮೊಮ್ಮೆ ಗೋಡೆಯ ಮೇಲೆ ಬುಟ್ಟಿ ಇಟ್ಟು, ವಾಸನೆ ಬಂದ ಮೇಲೆ ಸುಮ್ಮನೆ ಇಳಿಸಿಕೊಳ್ಳುತ್ತಿದ್ದರು. ಹಾಗಾದ ದಿನ ಆಶಮ್ಮ ಆ ಗೋಡೆಗೆ ಬೆನ್ನು ಹಾಕಿ ಕೂತು ತಪ್ಪಲೆ ತಿಕ್ಕುತ್ತಿದ್ದಳು.

ಆ ತಿಂಗಳಲ್ಲೇ ರಾವ್ ಸಾಹೇಬರಿಗೆ ನೀತಿವಂತ ಸಂಸ್ಥೆ ಎಂದು ಒಂದು ಗಾಜಿನ ಫಲಕ ಬಂತು. ಅವರ ಜನವೇ ಸೇರಿ ಅವರಿಗೇ ಕೊಟ್ಟುಕೊಂಡದ್ದು. ಫಲಕ ಕೊಡಲು ಮಂತ್ರಿ, ನೋಡಲು ಊರಿನ ದೊಡ್ಡವರು, ಆಮೇಲೆ ಮಧ್ಯಾಹ್ನದ ಊಟ.

ಅಂದು ಬೆಳಿಗ್ಗೆ ಆಶಮ್ಮ ಮಗಳನ್ನು ಜಡ್ಚರ್ಲಾದ ಬಸ್ಸು ಹತ್ತಿಸುವುದನ್ನು ನಾನು ನೋಡಿದೆ. ಪಾತ್ರೆ, ಹಾಸಿಗೆ, ಚೊಂಬು ಎಲ್ಲ ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿದ್ದಳು. ಬಾಣಂತನಕ್ಕೆ ಬಂದ ಮಗಳನ್ನು ಯಾರಾದರೂ ಹೀಗೆ ಸಾಗಹಾಕುತ್ತಾರೇನು ಎಂದೆ.

"ಅಲ್ಲಿ ನಮ್ಮಕ್ಕನ ಮನಿ ಅದಲ್ಲ ನರ್ಸಿಮ್ಲು," ಎಂದಳು. "ಗಾಳಿ ಚೊಲೋ ಅದ."

 ಅವಳ ಕೋಣೆಯಲ್ಲಿ ಖಾಲಿ ಮಾಡಲು ಇನ್ನೇನೂ ಉಳಿದಿರಲಿಲ್ಲ.

ಖಾದರ್ ಭಾಯ್ ಹನ್ನೊಂದಕ್ಕೆ ಹಂಡೆ ಇಳಿಸಿದರು. ಹನ್ನೆರಡಕ್ಕೆ ಬರಬೇಕಾದ ಮಂತ್ರಿ ಬರಲಿಲ್ಲ. ಮಂತ್ರಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆಶಮ್ಮನ ಲೆಕ್ಕವೆಲ್ಲ ಕೆಡುತ್ತಿತ್ತು. ಆದರೆ ಮಂತ್ರಿಗಳ ಮೇಲೆ ಅಷ್ಟು ಭರವಸೆ ಇಡಬಹುದು. ಅವನು ಬಂದಾಗ ಎರಡೂವರೆ ದಾಟಿತ್ತು. ಬಂದು ಮಾತಾಡಿದ. ಅವನು ಮುಗಿಸಿದ ಮೇಲೆ ರಾವ್ ಸಾಹೇಬರು ಮೈಕ್ ಹಿಡಿದರು. ಹಿಂದೆ ಪರದೆಯ ಮೇಲೆ ಅದೇ ನಾಲ್ಕು ವೃತ್ತ, ಅದೇ ಹಲ್ಲು ಕಿರಿಯುವ ಮುಖ. ನಮ್ಮ ತಂದೆಯವರು ಹಸಿದವರಿಗೆ ಉಣಿಸದೆ ತಾವು ಕೈ ತೊಳೆದವರಲ್ಲ ಎಂದು ಅವರು ಹೇಳುತ್ತಿದ್ದರು. ಬಾಗಿಲಲ್ಲಿ ತಟ್ಟೆಗಳ ಅಟ್ಟಿ ಹೊತ್ತು ನಿಂತಿದ್ದ ನನಗೆ ಅವ್ವನ ಬುಟ್ಟಿ ನೆನಪಾಗಿ ಬಾಯೊಳಗೆ ಉಗುಳು ತುಂಬಿತು.

ಗಡಿಯಾರ ಮೂರು ಹೊಡೆಯಿತು. ಆಶಮ್ಮ ಬಂದಳು. ಪಾಲಿಸಿ ಹೇಳಿದ ಹಾಗೆ ತಲೆಗೆ ಟೋಪಿ, ಕೈಗೆ ಗವಸು, ಕೈಯಲ್ಲಿ ಕ್ಯಾನು. ಊಟದ ಮೇಜಿನ ಉದ್ದಕ್ಕೂ ಒಂದೊಂದೇ ಮುಚ್ಚಳ ತೆಗೆಯುತ್ತ ಸುರಿಯುತ್ತ ಹೊರಟಳು. ಬಿರಿಯಾನಿಗೆ, ಮಟನ್ನಿನ ಮರಗ್ ಸಾರಿಗೆ, ಬದನೆಕಾಯಿಗೆ. ಅವಸರವಿಲ್ಲ. ಮುಂದಿನ ಸಾಲಿನವರು ಮೊದಲು ಹಾಲೋ ಮೊಸರೋ ಎಂದುಕೊಂಡರು. ವಾಸನೆ ಬಡಿದ ಮೇಲೆ ಮೂಗಿಗೆ ಕರ್ಚೀಫು ಒತ್ತಿದರು.

ಪ್ರಭಾಕರ ಓಡಿ ಬಂದ. "ಲೇ ಸೂಳೇ, ತಲಿ ಕೆಟ್ಟದೇನಬೇ ನಿಂದು?"

"ನಾಕು ತಾಸು ಆತ್ರಿ ಸಾರ್. ಇನ್ನ ಇದು ಅಡಗಿ ಅಲ್ಲ. ಬೇಕಾದ್ರ ಮೇಡಮ್ಮೋರನ್ನ ಕೇಳ್ರಿ."

ಎಲ್ಲರೂ ಮೇಡಂ ಕಡೆ ತಿರುಗಿದರು. ಮೇಡಂ ತಮ್ಮ ಚಪ್ಪಲಿ ನೋಡಿಕೊಂಡರು. ಆಗ ಅಡುಗೆಮನೆಯ ಬಾಗಿಲಿಂದ ಖಾದರ್ ಭಾಯ್ ದನಿ ಬಂತು. ಹನ್ನೊಂದಕ್ಕೆ ಇಳಿಸಿದ್ದು ತಾನೇ, ಆಕೆ ಹೇಳುವುದು ಖರೆ ಎಂದರು. ಅವರ ಕೆಲಸವೂ ಅಲ್ಲಿಗೆ ಮುಗಿಯಿತು ಎಂದು ನಮಗೆಲ್ಲ ತಿಳಿಯಿತು, ಅವರಿಗೂ ತಿಳಿದಿತ್ತು.

ರಾವ್ ಸಾಹೇಬರು ವೇದಿಕೆ ಇಳಿದು ಬಂದರು. ಮುಖ ಕೆಂಪಾಗಿತ್ತು, ಆದರೆ ಮಂತ್ರಿಯ ಮುಂದೆ ದನಿ ಏರಿಸುವ ಹಾಗಿರಲಿಲ್ಲ.

"ಇದು ಅತಿಥಿಗಳ ಊಟ ಕಣೆ. ಇದಕ್ಕೆ ಆ ಪಾಲಿಸಿ ಬರಲ್ಲ."

"ಹಂಗಂದ್ರ ಹ್ಯಾಂಗ್ರಿ ದೊರಿ," ಎಂದಳು ಆಶಮ್ಮ. "ಘನತಿ ಅವರಿಗೂ ಇರ್ತದಲ್ರಿ."

ನನ್ನ ಕೈಯೊಳಗಿನ ತಟ್ಟೆಗಳು ಗಲಗಲ ಎಂದವು. ನಾನು ನಗುತ್ತಿದ್ದೆ. ರಾವ್ ಸಾಹೇಬರು ಸೆಕ್ಯುರಿಟಿಯವರಿಗೆ ಕಣ್ಸನ್ನೆ ಮಾಡಿದರು. ಅವರೂ ನಮ್ಮ ಕಡೆಯ ಹುಡುಗರೇ. ಬಂದರು, ಆದರೆ ಎಷ್ಟು ನಿಧಾನ ಬರಬಹುದೋ ಅಷ್ಟು ನಿಧಾನ ಬಂದರು.

ಆಗ ಮೇಜಿನ ಹತ್ತಿರ ನಿಂತಿದ್ದ ಹಳದಿ ಪಟ್ಟೆಸೀರೆಯ ಹೆಂಗಸೊಬ್ಬಳು ಬಿರಿಯಾನಿಯನ್ನೇ ನೋಡುತ್ತ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ಇಷ್ಟು ಒಳ್ಳೇ ಅನ್ನ. ಎಷ್ಟು ದೊಡ್ಡ ಪಾಪ."

ಆಶಮ್ಮ ಅವಳ ಕಡೆ ತಿರುಗಿದಳು. ಇಷ್ಟು ದಿನ ಈ ಹಾಲಿನಲ್ಲಿ ಆ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಆಶಮ್ಮ ಗವಸಿನ ಕೈ ಎತ್ತಿ ಪರದೆಯನ್ನು ತೋರಿಸಿದಳು.

"ಪಾಪ ಅಂದ್ರಲ್ಲವ್ವ. ಅದು ಆ ನಾಕರಾಗ ಯಾವ ಗೋಲದಾಗ ಬರ್ತದ, ಒಂದೀಟು ತೋರಸ್ರಿ."

ಹೆಂಗಸು ಪರದೆ ನೋಡಿದಳು. ಮೇಡಂ ಪರದೆ ನೋಡಿದರು. ಮಂತ್ರಿಯೂ ನೋಡಿದ. ಹಳದಿ ಮುಖ ಹಲ್ಲು ಕಿರಿಯುತ್ತಲೇ ಇತ್ತು.   ಆಶಮ್ಮ ಕೊನೆಗೆ ಉಳಿದಿದ್ದ ಸಿಹಿ, ಖುಬಾನಿ ಮಿಠಾದ ಮುಚ್ಚಳ ತೆಗೆದಳು.