ಆಲ್ಸೀಡನ ಎರಡನೇ ಪರೀಕ್ಷೆ

ಆಲ್ಸೀಡ್ ನಾಕಾನ್ ಲೂಸಿಯಾನದ ಹೂಮಾ ಊರಿನ ಹಳೇ ವೆಲ್ಡರ್. ಆಯುಷ್ಯವೆಲ್ಲ ಬರೀ ಉಕ್ಕಿನ ಪೈಪು ಬೆಸೆದವನು. ಈ ಸಲ ಕಡಲಡಿಯಲ್ಲಿ ಹಾಕಲೆಂದು ಕಾರ್ಖಾನೆಗೆ ಬಂದ ಪೈಪುಗಳೇ ಬೇರೆ ಜಾತಿ: ಹೊರಗೆ ಉಕ್ಕು, ಒಳಮೈಗೆ ತುಕ್ಕು ಹಿಡಿಯದ ನಿಕ್ಕಲ್ ಲೋಹದ ತೆಳು ಪದರ. ಬೆಸೆಯುವಾಗ ಒಳಗೆ ಗಾಳಿ ತಾಗಿದರೆ ಬೆಸುಗೆ ಕಪ್ಪಗೆ ಸುಟ್ಟುಹೋಗುತ್ತದೆ. ಅದಕ್ಕೇ ಎರಡೂ ಬಾಯಿ ಮುಚ್ಚಿ, ಒಳಗೆ ಆರ್ಗಾನ್ ಅನಿಲ ತುಂಬಬೇಕು. ಪರೀಕ್ಷೆ ಪಾಸಾದವರಿಗಷ್ಟೇ ಕೆಲಸ.

ಪರೀಕ್ಷಕಿ ವರ್ನಾ ಅವನ ನೆರೆಮನೆಯ ಹುಡುಗಿ. ಅವನ ಮೊದಲ ಬೆಸುಗೆಯಿಂದ ನಾಲ್ಕು ಪಟ್ಟಿ ಕೊಯ್ದು ಯಂತ್ರದಲ್ಲಿ ಬಗ್ಗಿಸಿದಳು; ಒಂದು ಸೀಳಿದರೂ ಫೇಲು. ಬಿರುಕು ಬಾಯಿಬಿಟ್ಟಿತು.

“ನೀನು ಬಿಸಿ ಜಾಸ್ತಿ ಕೊಟ್ಟೆ ಮಾಮ. ಉಕ್ಕು ಕರಗಿ ಒಳಪದರಕ್ಕೆ ಬೆರೆತಿದೆ. ಇನ್ನೊಂದೇ ಅವಕಾಶ.”

“ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಿದೆ ನೋಡ್ರಪ್ಪಾ!” ಎಂದು ನಕ್ಕ. ಮನೆಗೆ ಹೋದವನು ಊಟ ಮುಟ್ಟಲಿಲ್ಲ.

“ಫೇಲಾದ್ರೇನಂತೆ? ಸೀಗಡಿ ದೋಣಿಗೆ ಹೋಗು,” ಅಂದಳು ಹೆಂಡತಿ ಓಮಿ.

“ಈ ಸೊಂಟ ಇಟ್ಕೊಂಡು ಬಲೆ ಎಳೀಲಾ?”

ಎರಡನೇ ಸಲ ಬೆಸುಗೆ ಹೊರಗಿನಿಂದ ಚೆಂದ ಬಂತು. ವರ್ನಾ ಅನಿಲ ನಿಲ್ಲಿಸಿ, “ಮುಚ್ಚಳ ಮುಟ್ಟಬೇಡ, ಒಳಗಿನ ಅನಿಲ ಓಡಿಸೋಕೆ ಫ್ಯಾನ್ ತರ್ತೀನಿ,” ಎಂದು ಹೋದಳು. ಅವನಿಗೆ ಒಳಗಿನ ಬಣ್ಣ ನೋಡುವ ಆತುರ. ಓರೆಯಾಗಿ ನಿಲ್ಲಿಸಿದ ಪೈಪಿನ ಮೇಲಿನ ಮುಚ್ಚಳ ಕಿತ್ತು ಭುಜದವರೆಗೂ ತಲೆ ತೂರಿಸಿದ. ಆರ್ಗಾನ್ ಗಾಳಿಗಿಂತ ಭಾರ. ಬಾವಿಯ ನೀರಿನಂತೆ ಪೈಪಿನ ತುಂಬ ನಿಂತಿತ್ತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ಅದರಲ್ಲಿ ಉಸಿರಿಗೆ ಗಾಳಿಯೂ ಇಲ್ಲ.

ವರ್ನಾ ಬಂದಾಗ ಅವನು ಇಣುಕುತ್ತಿದ್ದಂತೆಯೇ ಕಂಡ.

“ತಡೆಯೋಕಾಗಲಿಲ್ವಾ? ಬಣ್ಣ ಹೇಗಿದೆ ಮಾಮ?”

ಅವನ ಬೆಲ್ಟು ಹಿಡಿದು ಹೊರಗೆ ಎಳೆದಳು. ತುಟಿ ನೀಲಿಯಾಗಿತ್ತು. ಆಂಬುಲೆನ್ಸ್ ಬರುವವರೆಗೂ ಎದೆ ಒತ್ತಿದಳು. ಅವನು ಉಸಿರಾಡಲೇ ಇಲ್ಲ.

ಮಣ್ಣು ಮಾಡಿದ ಮೇಲೆ ಓಮಿ ಕಾರ್ಖಾನೆಗೆ ಬಂದಳು.

“ಅವನ ಪೈಪು ಎಲ್ಲಿ? ಬಗ್ಗಿಸಿ ನೋಡು.”

“ಬೇಡ ಅತ್ತೆ. ಈಗ್ಯಾಕೆ?”

“ಜೀವ ಕೊಟ್ಟಿದ್ದು ಅದಕ್ಕೇ ತಾನೆ? ನೋಡು.”

ವರ್ನಾ ನಾಲ್ಕು ಪಟ್ಟಿಗಳನ್ನು ಕೊಯ್ದಳು. ಮೂರು ಬಿರುಕಿಲ್ಲದೆ ಬಾಗಿದವು. ಅಲ್ಲಿಗೇ ನಿಲ್ಲಿಸಬಹುದಿತ್ತು, ಓಮಿಗೆ ಏನು ತಿಳಿಯುತ್ತಿತ್ತು? ಆದರೂ ನಾಲ್ಕನೆಯದನ್ನು ಇಟ್ಟಳು. ಅದು ಸೀಳಿತು.

ಓಮಿ ಬಿರುಕಿನ ಮೇಲೆ ಉಗುರು ಆಡಿಸಿದಳು.

“ಫೇಲಾ?”

“ಹೂಂ, ಅತ್ತೆ.”

“ಬದುಕಿದ್ದಿದ್ರೆ ಒಂದು ವಾರ ಮುಖ ಊದಿಸ್ಕೊಂಡು ಕೂತಿರೋನು,” ಅಂದಳು ಓಮಿ. “ಕೂತಿರ್ಲಿ ಬಿಡು ಅಂತಿದ್ದೆ.”

ವರ್ನಾ ಅವಳನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಯಂತ್ರ ನಿಲ್ಲಿಸಿದಳು. ಹೊರಗೆ ಮುಂದಿನ ವೆಲ್ಡರ್ ಕಾಯುತ್ತಿದ್ದ. ನಾಳೆ ಬಾ ಎಂದು ಹೇಳಿ ಕಳಿಸಿದಳು.