ಹಲ್ಲಿಗೆ ಬಡಿಯುವ ಬಂದೂಕು

"ಬಂದೂಕಿಗೆ ಯಾಕ ಹಾರ? ಅಪ್ಪಗ ಹಾಕು ಮೊದಲ."

ಶಿವರಂಜನಿ ಹಾಗೆಂದಾಗ ಸಂಗನಬಸವ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಜೋಡಿ ನಳಿಗೆಗೆ ಚೆಂಡುಹೂವಿನ ಸರ ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ. ದಾರ ಹರಿದು ಉಗುಳಿ, "ಅಪ್ಪಗ ಹಾಕಿ ಆಗೈತಿ. ನೀ ಈಗ ಬಂದೀ," ಎಂದ.

ಸಿಂಧನೂರಿನಿಂದ ಸಿಕ್ಕ ಮೊದಲ ಬಸ್ಸಿಗೇ ಅವಳು ಮಸ್ಕಿಗೆ ಬಂದಿದ್ದಳು. ಅದನ್ನು ಅಣ್ಣನಿಗೆ ಹೇಳಬೇಕೆನ್ನಿಸಲಿಲ್ಲ. ಪಡಸಾಲೆಯಲ್ಲಿ ಅಪ್ಪ ಕರಿಬಸಯ್ಯನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ, ಎಡ ಅಂಗೈಯಲ್ಲಿ ಲಿಂಗ. ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದ ಹಾಗೆಯೇ ಬೆನ್ನು ನೆಟ್ಟಗಿತ್ತು. ಲಿಂಗಸುಗೂರಿನ ಒಂದು ಬ್ಯಾಂಕಿಗೆ ಅವನು ಗನ್‌ಮ್ಯಾನ್ ಆಗಿದ್ದ. ಸ್ವಂತದ ಲೈಸೆನ್ಸು, ಸ್ವಂತದ ಬಂದೂಕು. ಹಸಿರು ಗವುಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಿನವೂ ಬಸ್ಸಿಗೆ ಹೋಗಿ ಬರುತ್ತಿದ್ದ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅದನ್ನು ಅವನು ಮರ್ಯಾದೆ ಎಂದು ತಿಳಿದಿದ್ದ.

ನೆರೆಮನೆಯ ಗಿರಿಯಮ್ಮ ಸೆರಗು ಬಾಯಿಗೆ ಹಿಡಿದು ಹಾಡಿಕೊಂಡು ಅಳತೊಡಗಿದಳು.

"ಬ್ಯಾಂಕಿನ ಬಾಗಲಾ ಕಾದವನೇ... ಬೆಳ್ಳಿಯಂಥ ಮನಸಿನವನೇ... ಹಡೆದ ಮಗಳ ದಾರಿ ಕಾದೂ ಕಾದೂ ಕಣ್ಣು ಮುಚ್ಚಿದೆಲ್ಲೋ ನಮ್ಮಪ್ಪಾ..."

ಹೆಂಗಸರೆಲ್ಲ ಶಿವರಂಜನಿಯತ್ತ ತಿರುಗಿದರು. ತಾಯಿ ವೀರಭದ್ರಮ್ಮ ಮಾತ್ರ ತಿರುಗಲಿಲ್ಲ. ಗಂಡನ ಮೊಣಕಾಲ ಬಳಿ ಕೂತು ನೊಣ ಓಡಿಸುತ್ತಿದ್ದಳು.

"ಕುಣಿಗೆ ಇಳಸೋಕಿಂತ ಮೊದಲ ಮ್ಯಾಲೆ ಒಂದು ಗುಂಡು ಹಾರಸ್ತೀನಿ," ಎಂದ ಸಂಗನಬಸವ, ಅವಳಿಗಲ್ಲ, ಮನೆಗೆಲ್ಲ ಕೇಳುವಂತೆ. "ನಾಳಿ ಇದನ್ನ ಠಾಣೆಗೆ ಜಮಾ ಮಾಡಬೇಕು. ಅಪ್ಪನ ಬಂದೂಕಿನ ಸಪ್ಪಳ ಈ ಊರು ಒಂದಿನಾನೂ ಕೇಳಿಲ್ಲ. ಇವತ್ತು ಕೇಳಲಿ."

"ನಿನಗ ಹೊಡಿಯಾಕ ಬರತೈತೇನು?"

"ನೀ ಮಾಡಿದ ಫೋನಿನ ಆಟದಾಗ ದಿನಾ ಹೊಡೀತೀನಲ್ಲ. ಅಪ್ಪನ ಬಂದೂಕಿಲೇ." ಅವನು ಮೊದಲ ಸಲ ತಂಗಿಯ ಮುಖ ನೋಡಿದ. "ನೀ ಮಾಡಿದ್ದರಾಗ ಛಲೋ ಇರೂದು ಅದೊಂದ ಬಿಡು."

•

ಸಿಂಧನೂರಿನ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಇಶ್ತಿಯಾಕ್ ನಾಲ್ಕು ಕಂಪ್ಯೂಟರು ಇಟ್ಟಿದ್ದ. ಹೈದರಾಬಾದಿನ ಒಂದು ಕಂಪನಿ ಮಾಡುವ ವಿಡಿಯೋ ಗೇಮುಗಳಿಗೆ ಅಲ್ಲಿ ಬಂದೂಕುಗಳು ತಯಾರಾಗುತ್ತಿದ್ದವು. ಕೆಳಗಿನ ಕ್ರಿಮಿನಾಶಕದ ವಾಸನೆಯಲ್ಲಿ ಕೂತು ಶಿವರಂಜನಿ ಕೆಲಸಕ್ಕೆ ಸೇರಿದ ವರ್ಷ ತನ್ನದೇ ಒಂದು ಬಂದೂಕು ಮಾಡಿದ್ದಳು. ಸಂತೆಕಲ್ಲೂರಿನ ಅಜ್ಜಿಯ ಹೊಲದಲ್ಲಿ ಜೋಳ ಬಿತ್ತುವ ಕೂರಿಗೆ ಅದರ ಮೂಲ. ಮೇಲೆ ಮರದ ಬಟ್ಟಲು, ಕೆಳಗೆ ಮೂರು ಬಿದಿರ ಕೊಳವೆ. ಬಟ್ಟಲಿಗೆ ಹಿಡಿಗಟ್ಟಲೆ ಗುಂಡು ಸುರಿದರೆ ಅವು ಕಾಳಿನಂತೆ ಇಳಿದು ಹಾರಿ, ಬಿದ್ದಲ್ಲಿ ನೆಲ ಸಾಲುಸಾಲಾಗಿ ಬಿರಿಯುತ್ತಿತ್ತು. ಮಾಡುವಾಗ ಅವಳಿಗೆ ಊಟದ ನೆನಪಾಗುತ್ತಿರಲಿಲ್ಲ.

ಕೆಲಸದವರಲ್ಲಿ ಶಿವರಂಜನಿಯ ಹೊರತು ನಿಜವಾದ ಬಂದೂಕನ್ನು ಯಾರೂ ಹತ್ತಿರದಿಂದ ಕಂಡಿರಲಿಲ್ಲವೆಂದು ಇಶ್ತಿಯಾಕನೇ ಕರಿಬಸಯ್ಯನನ್ನು ಕರೆಸಿದ. ಅವನು ಭಾನುವಾರ ಇಸ್ತ್ರಿಯ ಖಾಕಿ ತೊಟ್ಟು ಬಂದ. ಮಗಳ ಪರದೆಯ ಮುಂದೆ ಬಹಳ ಹೊತ್ತು ನಿಂತ.

"ಏನವ್ವ ಇದು?"

"ಬಂದೂಕಪಾ."

"ಇದರ ಗುಂಡಿಗೆ ಬೆಂಕಿ ಎಲ್ಲಿಂದ ಹತ್ತತೈತಿ?"

"ಹತ್ತತೈತಿ ಅಂತ ಇಟ್ಕೊಳ್ಳೂದು."

"ಇಟ್ಕೊಳ್ಳೂದು!" ಅವನು ಕೋಣೆಗೆಲ್ಲ ತಿರುಗಿ ನಕ್ಕ. "ನಾನೂ ದೇಸಾಯಿ ಅಂತ ಇಟ್ಕೊಳ್ಳೂದು, ಹೌದಿಲ್ಲ? ಇದು ಹೊಡಿಯೂದಿಲ್ಲ. ಆಟಿಗಿ ಸಾಮಾನು. ಇಶ್ತಿಯಾಕ್, ಈಕಿಗೆ ಯಾತಕ್ಕ ಪಗಾರ ಕೊಡ್ತೀಯಪಾ?"

ಎಲ್ಲರೂ ನಕ್ಕರು. ಆಮೇಲೆ ಅವನು ಗವುಸು ಬಿಚ್ಚಿ ತನ್ನದನ್ನು ಹೆಗಲಿಗೇರಿಸಿದ. ಇಶ್ತಿಯಾಕ್ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳತೊಡಗಿದ.

"ಟ್ರಿಗರ್ ಎಳದ ಕೂಡ್ಲೆ ಹೆಗಲಿಗೆ ಒದೀತೈತಿ ಅಂತ ಎಲ್ಲಾರೂ ತಿಳಿದಾರ. ಸುಳ್ಳು. ಮೊದಲ ಹಲ್ಲಿಗೆ ಬಡೀತೈತಿ. ಬಾಯಾಗ ತಾಮ್ರದ ರುಚಿ ಬರತೈತಿ. ಆಮ್ಯಾಲೆ ಹೆಗಲು. ಎಡಗಣ್ಣಾಗ ಒಂದು ಹನಿ ನೀರು ನಿಂದ್ರತೈತಿ, ಅದು ಬೀಳೂತನ ಲೋಕ ಎಲ್ಲಾ ಅಲುಗಾಡತೈತಿ. ಹೊಡದವಗಷ್ಟ ಗೊತ್ತು."

ಹುಡುಗರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಕೂರಿಗೆಯನ್ನು ಇಶ್ತಿಯಾಕ್ ಅಂದೇ ಬದಿಗೆ ಸರಿಸಿದ. ಅಪ್ಪನ ಬಂದೂಕನ್ನು ಕೂದಲೆಳೆಯಷ್ಟೂ ಬದಲಿಲ್ಲದೆ ಮಾಡಲು ಮಗಳಿಗೇ ಹೇಳಿದ. ಗುಂಡು ಹಾರಿದಾಗ ಪರದೆ ಮೊದಲು ಸಣ್ಣಗೆ ನಡುಗುವಂತೆ, ಎಡಬದಿ ನೀರಿನಲ್ಲಿ ನೋಡಿದಂತೆ ಕದಡುವಂತೆ ಅವಳು ಮಾಡಿದಳು. ಎಲ್ಲೆಲ್ಲಿಂದಲೋ ಆಟಗಾರರು ಬರೆದರು: ಇದನ್ನು ಮಾಡಿದವರು ನಿಜವಾಗಿ ಗುಂಡು ಹೊಡೆದವರೇ ಇರಬೇಕು. ಅಲ್ಲಿಂದ ಮುಂದೆ ಅವಳ ಪಾಲಿಗೆ ಬಂದದ್ದೆಲ್ಲ ಇರುವುದನ್ನು ಇದ್ದಂತೆ ನಕಲು ಮಾಡುವ ಕೆಲಸ. ಅವಳು ಸಿಂಧನೂರಿನಲ್ಲೇ ಕೋಣೆ ಹಿಡಿದಳು. ಯುಗಾದಿಗೆ ಬಂದರೆ ಅಪ್ಪ ಉಣ್ಣಲು ಕೂರುವ ಮೊದಲೇ ಎದ್ದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಅಪ್ಪ ಮಾತ್ರ ಬಸ್ಸಿನ ಕಂಡಕ್ಟರುಗಳಿಗೆಲ್ಲ ಫೋನು ತೋರಿಸಿ ಹೇಳುತ್ತಿದ್ದನಂತೆ: "ನೋಡ್ರಿ, ನನ್ನ ಬಂದೂಕು."

•

ಇಶ್ತಿಯಾಕ್ ಬೈಕಿನಲ್ಲಿ ಬಂದು ಹಾರ ಹಾಕಿ, ಕೈ ಮುಗಿದು ಅವಳ ಬಳಿ ನಿಂತ. "ನಿಮ್ಮಪ್ಪಾಜಿ ಇಲ್ಲದಿದ್ರ ನಾವು ಎಂದೋ ಅಂಗಡಿ ಮುಚ್ಚತಿದ್ವಿ, ಮೇಡಂ. ರಿಯಲ್ ಅಂದ್ರ ರಿಯಲ್."

"ಹೌದು, ಹಾರ ಹಾಕಿದೆಲ್ಲ, ಸಾಕು," ಎಂದಳು ಅವಳು.

ಹೊರಗೆ ಹೆಣ ಕೂರಿಸಿ ಒಯ್ಯಲು ಬಿದಿರಿನ ವಿಮಾನ ಕಟ್ಟುತ್ತಿದ್ದರು. ಹಿತ್ತಲಿನ ನೀರಿನ ತೊಟ್ಟಿಯ ಮರೆಯಿಂದ ದಸ್ತಗೀರ್‌ಸಾಬ್ ಕೈಸನ್ನೆ ಮಾಡಿ ಕರೆದ. ಅವನೂ ಗನ್‌ಮ್ಯಾನ್, ಲಿಂಗಸುಗೂರಿನ ಹತ್ತಿ ಮಿಲ್ಲಿನ ಗೇಟಿನಲ್ಲಿ ಕೆಲಸ ಮಾಡಿದವನು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಹೋಗಿ ಮುದುಕರಾದವರು.

"ಬೇಟಿ, ನಿಮ್ಮಣ್ಣಗ ಹೇಳು. ಗುಂಡು ಗಿಂಡು ಬ್ಯಾಡ."

"ಯಾಕ ಕಾಕಾ? ಕೇಸ್ ಆಗತೈತೇನು?"

"ಕೇಸಿಲ್ಲ, ಗೀಸಿಲ್ಲ. ಅದು ಹಾರೂದಿಲ್ಲ." ಮುದುಕ ಗಡ್ಡ ತಿಕ್ಕಿಕೊಂಡ. "ಗುಂಡಿನ ತೋಟಾದ ಹಿಂದ ಬಡಿಯೂ ಪಿನ್ನು ಇರತಾವಲ್ಲ, ಎರಡೂ ಮುರದಾವ. ಇವ ಕೆಲಸಕ್ಕ ಸೇರಿದ ವರ್ಷನ, ಒರಸಾಕ ಹೋಗಿ ಮುರಕೊಂಡ. ರಿಪೇರಿಗೆ ಕೊಟ್ರ ತಿಂಗಳುಗಟ್ಟಲೆ ಕೈಯಾಗ ಬಂದೂಕಿಲ್ಲ. ಬಂದೂಕಿಲ್ಲದ ಗನ್‌ಮ್ಯಾನ್‌ನ ಯಾರು ಇಟ್ಕೋತಾರ? ಇವತ್ತು ನಾಳಿ ಅಂತ ದೂಡಿದ. ಆಮ್ಯಾಲೆ ಹಂಗ ಇರೂದ ಆದತ್ ಆಗಿಬಿಡ್ತು. ಯಾರಿಗೂ ಹೇಳಬಾರದಂತ ನನ್ನ ಕೈಲೇ ಕಸಮ್ ಹಾಕಿಸಿಕೊಂಡಿದ್ದ."

"ಅದಕ್ಕೂ ಮೊದಲ ಹೊಡದಿದ್ನಲ್ಲ?"

"ಒಂದೂ ಇಲ್ಲ."

"ಹಲ್ಲಿಗೆ ಬಡೀತೈತಿ ಅಂತಿದ್ದ. ತಾಮ್ರದ ರುಚಿ ಅಂತಿದ್ದ."

"ನಾ ಹೊಡದೀನಿ ಬೇಟಿ, ಹೊಲದಾಗ ಹಂದಿಗೆ. ಹೆಗಲಿಗೆ ಬಡೀತದ, ಕಿವಿ ಗುಂಯ್ ಅಂತದ, ಅಷ್ಟ. ಹಲ್ಲಿಗೆ ಏನೂ ಇಲ್ಲ." ಅವನು ತಲೆ ತಗ್ಗಿಸಿದ. "ಬಸ್ಸಿನಾಗ ಕಿಟಕಿ ಕಡಿ ಮಕ ಮಾಡಿ ಅದನ್ನ ಹೇಳತಿದ್ದ ನೋಡು, ಖರೇನ ಹೊಡದ ನನಗ ನಾಚಿಕಿ ಬರ್ತಿತ್ತು."

ಶಿವರಂಜನಿ ತೊಟ್ಟಿಯ ನೀರಿನಲ್ಲಿ ಕೈಯದ್ದಿದಳು.

"ಹೋಗು, ನಿಮ್ಮಣ್ಣನ ತಡಿ. ನಾ ಹೇಳಿದ್ರ ಯಾಕ ಅಂತ ಕೇಳ್ತಾನ."

"ಎಳೀಲಿ ಬಿಡ್ರಿ ಕಾಕಾ. ಟ್ರಿಗರ್ ಎಳೀಲಿ. ಊರು ನೋಡ್ಲಿ."

"ಹಂಗನಬ್ಯಾಡ. ಹೆಣ ಅದು."

"ನಾ ಜೀವಂತ ಇದ್ದಾಗ ನಕ್ಕಾನ ಅಂವ," ಎಂದು ಅವಳು ಒಳಗೆ ನಡೆದಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಅಪ್ಪನ ಕಿವಿಯ ಹತ್ತಿರ ಬಾಗಿದಳು. ಕಡೆಗೂ ಮಗಳಿಗೆ ಅಳು ಬಂತೆಂದು ಗಿರಿಯಮ್ಮ ಹಾಡು ನಿಲ್ಲಿಸಿದಳು. "ನಿಂದೂ ಹೊಡೀತಿದ್ದಿಲ್ಲಲ್ಲೋ," ಎಂದಳು ಶಿವರಂಜನಿ, ಅವನೊಬ್ಬನಿಗೇ.

•

ಅವಳು ಶಾಲೆಗೆ ಹೋಗುತ್ತಿದ್ದಾಗ ಓಣಿಗೆ ಹುಚ್ಚುನಾಯಿ ನುಗ್ಗಿತ್ತು. ಕೂಸೊಂದನ್ನು ಕಚ್ಚಿತ್ತು. ಜನ ಓಡಿ ಬಂದು ಕರಿಬಸಯ್ಯನ ಬಾಗಿಲು ಬಡಿದರು. ಅವನು ಬಂದೂಕು ತಂದ, ಹೆಗಲಿಗೇರಿಸಿದ, ನಾಯಿಯತ್ತ ಗುರಿ ಹಿಡಿದ. ನಾಯಿ ಜೊಲ್ಲು ಸುರಿಸುತ್ತ ಎದುರಿಗೇ ನಿಂತಿತ್ತು. ಅವನ ಹಣೆಯಿಂದ ಬೆವರು ಇಳಿದು ಕಾಲರು ತೊಯ್ದಿತು. ಆಮೇಲೆ ಬಂದೂಕು ಇಳಿಸಿಬಿಟ್ಟ.

"ಇದು ಬ್ಯಾಂಕಿನ ಗುಂಡು. ಓಣಿಗೆ ಹೊಡಿಯಾಕ ಬರೂದಿಲ್ಲ. ನೇಮ ಅಂದ್ರ ನೇಮ."

ಜನ ಬೈದರು. ಯಾರೋ ಉಗುಳಿದರು. ನಾಯಿಯನ್ನು ಬಡಿಗೆಯಿಂದ ಬಡಿದು ಕೊಂದರು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಮಾತ್ರ ಆ ದಿನ ಇಡೀ ಓಣಿಯಲ್ಲಿ ಅಪ್ಪನೊಬ್ಬನೇ ಎತ್ತರವಾಗಿ ಕಂಡಿದ್ದ. ರಾತ್ರಿ ಊಟಕ್ಕೆ ಕೂತವನು ರೊಟ್ಟಿ ಮುಟ್ಟದೆ ಎದ್ದುಹೋದದ್ದನ್ನು ಅವಳು ಸಿಟ್ಟು ಎಂದು ತಿಳಿದಿದ್ದಳು.

•

ಗುಡ್ಡದ ಬುಡದ ಹೊಲದಲ್ಲಿ ಕುಣಿ ತಯಾರಿತ್ತು. ಮೆಟ್ಟಿಲಿನಂತೆ ಕಡಿದು, ಒಳಗೆ ಕೂರಿಸಲು ಗೂಡು ಮಾಡಿ, ಕೆಳಗೆ ಉಪ್ಪು, ವಿಭೂತಿ, ಬಿಲ್ವಪತ್ರೆ ಹಾಸಿದ್ದರು. ಗಂಡಸರ ಹಿಂದೆ ಹೆಂಗಸರೂ ಬಂದು ಬದುವಿನ ಮೇಲೆ ನಿಂತರು. ವಿಮಾನದಿಂದ ಕರಿಬಸಯ್ಯನನ್ನು ಇಳಿಸಿ, ಕುಣಿಯ ಅಂಚಿನಲ್ಲಿ ಕೂರಿಸಿ ಇಬ್ಬರು ಹಿಡಿದುಕೊಂಡರು.

"ಸರೀರಿ, ಸರೀರಿ," ಎನ್ನುತ್ತ ಸಂಗನಬಸವ ಮುಂದೆ ಬಂದ. ಎರಡು ತೋಟಾ ತುಂಬಿದ. ಹುಡುಗರು ಫೋನು ಎತ್ತಿದರು. ಅವನು ಬಂದೂಕನ್ನು ಆಕಾಶಕ್ಕೆ ಹಿಡಿದು, ಎಡಗಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿದ. ಶಿವರಂಜನಿ ಸುತ್ತ ನೋಡಿದಳು. ಆಟ ಆಡಿದ ಹುಡುಗರೆಲ್ಲ ಹಲ್ಲು ಕಚ್ಚಿ ನಿಂತಿದ್ದರು. ಇಶ್ತಿಯಾಕನೂ.

ಟಕ್.

ಸಂಗನಬಸವ ಕಣ್ಣು ಬಿಟ್ಟ. ಎರಡನೆಯ ಟ್ರಿಗರ್ ಎಳೆದ. ಟಕ್.

"ತೋಟಾ ತೊಯ್ದಾವೇನೋ," ಎಂದರು ಯಾರೋ. ತೋಟಾ ಬದಲಿಸಿದ. ಟಕ್, ಟಕ್. ಬದುವಿನ ಕಡೆಯಿಂದ ಒಂದು ನಗು ಹೊರಟಿತು. "ಕರಿಬಸಯ್ಯ ಬ್ಯಾಂಕು ಕಾದದ್ದು ಇದರಲೇನಪಾ?" ಎಂದಿತು ಒಂದು ದನಿ. "ಕಳ್ಳರ ಪುಣ್ಯ ದೊಡ್ಡದು. ಬರಲೇ ಇಲ್ಲ!" ನಗು ಹಬ್ಬಿತು. ಫೋನುಗಳು ಕೆಳಗಿಳಿಯಲಿಲ್ಲ. ಇಶ್ತಿಯಾಕ್ ಬಂದೂಕು ನೋಡಿದ, ಶಿವರಂಜನಿಯನ್ನು ನೋಡಿದ. ಅವನ ತುಟಿಯ ಕೊನೆ ನಿಧಾನವಾಗಿ ಮೇಲೇರುತ್ತಿತ್ತು.

ಇದೇ ಅವಳಿಗೆ ಬೇಕಾಗಿದ್ದದ್ದು. ಅವಳು ಕಾದಳು, ಒಳಗೆ ಏನಾದರೂ ತಣ್ಣಗಾದೀತೆಂದು. ಬದುವಿನ ಮೇಲೆ ವೀರಭದ್ರಮ್ಮ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡಳು. ಅಳುವುದಕ್ಕಲ್ಲ. ಬಂದೂಕಿನ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಕುಣಿಯ ಅಂಚಿನಲ್ಲಿ ಅಪ್ಪ ನೆಟ್ಟಗೆ ಕೂತಿದ್ದ, ಹಿಡಿದವರಲ್ಲಿ ಒಬ್ಬ ನಗುತ್ತಿದ್ದುದರಿಂದ ತುಸು ಅಲುಗಾಡುತ್ತ.

ಶಿವರಂಜನಿ ಹೋಗಿ ಅಣ್ಣನ ಕೈಯಿಂದ ಬಂದೂಕು ಕಿತ್ತುಕೊಂಡು ಮಡಿಚಿ ತೆರೆದಳು.

"ಯಾರು ನಕ್ಕವರು? ಮುಂದ ಬರ್ರಿ. ಬಂದು ನೋಡ್ರಿ. ಪಿನ್ನು ಎಲ್ಲದಾವ ಇದರಾಗ?" ದನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ. "ರಿಟೈರ್ ಆದ ದಿನ ಅಪ್ಪ ತಾನ ಅವನ್ನ ತಗದಾನ. ಗನ್‌ಮ್ಯಾನ್‌ನ ನೇಮ ಅದು. ತನ್ನ ಬಂದೂಕು ಇನ್ನೊಬ್ಬರ ಕೈಯಾಗ ಮಾತಾಡಬಾರದು. ಬಂದೂಕು ಸರಕಾರಕ್ಕ, ಪಿನ್ನು ಅವನ ಜೋಡಿ ಮಣ್ಣಿಗೆ. ಎಡಗಡಿದು ತುಸು ಗಿಡ್ಡ ಇತ್ತು, ಸವದು. ಬಲಗಡಿದು ನೀಲಿಗಟ್ಟಿತ್ತು. ಎಳ್ಳೆಣ್ಣಿ ಹಚ್ಚಿ ಒರಸಿ, ಹತ್ತಿಯಾಗ ಸುತ್ತಿ ಕೊಟ್ಟಿದ್ದ ನನಗ. ಅಣ್ಣಗ ಕೇಳೂ ವ್ಯವಧಾನ ಎಲ್ಲಿತ್ತು?"

ನಗು ನಿಂತಿತು. "ಹಿಂಗಂತ ಎಲ್ಲೂ ಕೇಳಿಲ್ಲಲ್ಲ..." ಎಂದಿತು ಅದೇ ದನಿ, ಸಣ್ಣಗೆ.

ದಸ್ತಗೀರ್‌ಸಾಬ್ ಗಂಟಲು ಸರಿಮಾಡಿಕೊಂಡ. "ನೀ ಗನ್‌ಮ್ಯಾನ್ ಏನಲೇ, ಕೇಳಾಕ? ನನ್ನವೂ ತಗದಿಟ್ಟೀನಿ. ನಮ್ಮ ಮನಿಯಾಕಿ ಸಕೀನಾಬೀ ಹಂತ್ಯಾಕ ಅದಾವ, ಹೋಗಿ ಕೇಳು."

ಯಾರೋ ಟೊಪ್ಪಿಗೆ ತೆಗೆದರು. ಫೋನುಗಳು ಒಂದೊಂದಾಗಿ ಜೇಬಿಗಿಳಿದವು. ಇಶ್ತಿಯಾಕ್ ಎರಡೂ ಕೈ ಕಟ್ಟಿ ನಿಂತ. ಸಂಗನಬಸವ ತಂಗಿಯನ್ನು ದುರುಗುಟ್ಟಿ ನೋಡಿದ. "ನಿನಗ ಕೊಟ್ಟಿದ್ನಾ? ನಿನಗ?" ಎಂದ. ಅವಳು ಬಂದೂಕನ್ನು ಅವನ ಕೈಗೆ ಮರಳಿ ಕೊಟ್ಟಳು.

ಕರಿಬಸಯ್ಯನನ್ನು ಗೂಡಿನಲ್ಲಿ ಕೂರಿಸಿದರು. ಸ್ವಾಮಿಗಳು ಮಂತ್ರ ನಿಲ್ಲಿಸಿ ಕೈ ಚಾಚಿದರು. "ತಾರವ್ವ. ಮಣ್ಣು ಹಾಕೋಕಿಂತ ಮೊದಲ ಅವನ್ನ ಹಾಕಿಬಿಡು."

ಊರು ಕುಣಿಯ ಸುತ್ತ ಒತ್ತಿಕೊಂಡಿತು. ಶಿವರಂಜನಿ ಚೀಲದೊಳಗೆ ಕೈ ಹಾಕಿದಳು. ಬಸ್ ಟಿಕೆಟು, ಚಾರ್ಜರು, ಬಾಚಣಿಗೆ. ಖಾಲಿ ಮುಷ್ಟಿ ಬಿಗಿ ಮಾಡಿ ಹೊರಗೆ ತೆಗೆದು, ಸ್ವಾಮಿಗಳ ಕೈಗೆ ಕೊಡದೆ, ಮಣ್ಣಿನ ಮೆಟ್ಟಿಲ ಮೇಲೆ ಮೊಣಕಾಲೂರಿ, ಅಪ್ಪನ ಮಡಿಲ ಮೇಲೆ ಕೈ ಚಾಚಿ ಬೆರಳು ಬಿಡಿಸಿದಳು.

ಎಲ್ಲರೂ ಬಗ್ಗಿ ನೋಡಿದರು.

"ಬಿದ್ವು," ಎಂದನೊಬ್ಬ, ಉಪ್ಪು ಬಿಲ್ವಪತ್ರೆಗಳ ನಡುವೆ ಕಣ್ಣು ನೆಟ್ಟು. "ನೀಲಿದು ಮಿಂಚಿತು ನೋಡು, ಅಲ್ಲಿ, ಎಡಗೈ ಬಾಜೂ." "ಹೌದು, ಹೌದು," ಎಂದ ಇನ್ನೊಬ್ಬ. ಹಿಂದಿನಿಂದ ಮಣ್ಣಿನ ಮೊದಲ ಬುಟ್ಟಿ ಮೇಲೇರುತ್ತಿರುವಾಗಲೂ ಅವರು ಬೆರಳು ಮಾಡಿ ಒಬ್ಬರಿಗೊಬ್ಬರು ಅದನ್ನು ತೋರಿಸುತ್ತಲೇ ಇದ್ದರು.